ತಿರುಗಿ ನೋಡಬಾರದ ಜಾಗ

ಸ್ಮಶಾನದಿಂದ ಹೊರಡುವಾಗ ತಿರುಗಿ ನೋಡಬಾರದು ಎನ್ನುವುದು ನಮ್ಮ ಕಡೆಯ ರೂಢಿ. ‘ಹೋಗಿ ಬರ್ತೀನಿ’ ಎಂದೂ ಅನ್ನಬಾರದು. ಗಡಿಗೆ ಒಡೆದು, ಕೊಳ್ಳಿ ಇಟ್ಟು, ನೆಟ್ಟಗೆ ನಡೆದುಬಿಡಬೇಕು. ಮನೆಗೆ ಬಂದು ತಲೆಗೆ ನೀರು ಹೊಯ್ದುಕೊಂಡು ದೀಪ ನೋಡಿದರೆ ಅಲ್ಲಿಗೆ ಆ ಜಾಗದ ಋಣ ಹರಿದ ಹಾಗೆ. ಹೋದವರ ಮೇಲಿನ ಮೋಹ ಬಿಡಲಿ ಎಂದು ಹಿರಿಯರು ಮಾಡಿದ ಏರ್ಪಾಡು ಇದು, ಅದರಲ್ಲಿ ತಪ್ಪು ಹುಡುಕಲು ನಾನು ಹೊರಟಿಲ್ಲ. ಆದರೆ ನಾವು ತಿರುಗಿ ನೋಡದೆ ಬರುವ ಆ ಜಾಗದಲ್ಲಿ ಕೆಲವರು ಉಳಿದಿರುತ್ತಾರೆ. ನಾವು ಹೋದಮೇಲೆ ಬೂದಿ ಎಳೆಯುವವರು, ಕುಡಿಕೆಗೆ ತುಂಬುವವರು, ಮುಂದಿನ ಹೆಣಕ್ಕೆ ಜಾಗ ಮಾಡುವವರು. ಕೋವಿಡ್‌ನ ಎರಡನೆಯ ಅಲೆ ಎದ್ದಿದ್ದ 2021ರ ಏಪ್ರಿಲ್, ಮೇ ತಿಂಗಳಲ್ಲಿ ಬೆಂಗಳೂರಿನ ಒಂದು ವಿದ್ಯುತ್ ಚಿತಾಗಾರದಲ್ಲಿ ನಾನು ಕಂಡ ಅಂಥ ಐದು ಜನರ ಕುರಿತು ಈ ಬರಹ. ಅವರಿಗೆ ನಾವು ಕೃತಜ್ಞತೆ ಹೇಳಲು ಹೋಗಿ ಎಲ್ಲಿ ಎಡವಿದೆವು, ಯಾವುದು ಅವರಿಗೆ ನಿಜವಾಗಿ ಒದಗಿತು ಎನ್ನುವುದನ್ನು ನಡೆದ ಹಾಗೆಯೇ ಬರೆಯುತ್ತೇನೆ.

ಹದಿನಾಲ್ಕನೆಯ ಗಾಡಿ

ಏಪ್ರಿಲ್ 27ರ ರಾತ್ರಿ 9 ಗಂಟೆಗೆ ರಾಜ್ಯದಲ್ಲಿ ಹದಿನಾಲ್ಕು ದಿನದ ಕರ್ಫ್ಯೂ ಶುರುವಾಯಿತು. ಮಾರನೆಯ ಬೆಳಗಿನ ಜಾವ ನನ್ನ ಸೋದರಮಾವ ಒಂದು ಖಾಸಗಿ ಆಸ್ಪತ್ರೆಯಲ್ಲಿ ತೀರಿಕೊಂಡರು. ಅರವತ್ತೊಂದು ವರ್ಷ. ಅತ್ತೆಗೂ ಅವರ ಮಗನಿಗೂ ಪಾಸಿಟಿವ್ ಆಗಿ ಇಬ್ಬರೂ ಮನೆಯೊಳಗೆ ಬೇರೆ ಬೇರೆ ಕೋಣೆಯಲ್ಲಿದ್ದರು. ಊರಿನಿಂದ ಯಾರೂ ಬರುವ ಹಾಗಿರಲಿಲ್ಲ. ಉಳಿದವನು ನಾನೊಬ್ಬ. ಬಿಲ್ಲು ಪೂರ್ತಿ ಕಟ್ಟುವವರೆಗೆ ಆಸ್ಪತ್ರೆಯವರು ದೇಹ ಬಿಡಲಿಲ್ಲ. ಆಂಬುಲೆನ್ಸ್ ಚಿತಾಗಾರ ತಲುಪಿದಾಗ ಮಧ್ಯಾಹ್ನ 2 ಗಂಟೆ. ಗೇಟಿನ ಹೊರಗೆ ರಸ್ತೆಯ ಪಕ್ಕಕ್ಕೆ ಗಾಡಿಗಳು ಸಾಲಾಗಿ ನಿಂತಿದ್ದವು. ನಮ್ಮದು ಹದಿನಾಲ್ಕನೆಯದು. ಸರದಿ ಬಂದಾಗ ರಾತ್ರಿ 10.40.

ಆ ಎಂಟೂಮುಕ್ಕಾಲು ಗಂಟೆ ನಾನು ಮಾಡಿದ್ದು ಕಾಯುವುದು, ನೋಡುವುದು, ಅಷ್ಟೆ. ಅಲ್ಲಿದ್ದದ್ದು ಎರಡು ಕುಲುಮೆ. ವಿದ್ಯುತ್ ಚಿತಾಗಾರ ಎಂದರೆ ಗುಂಡಿ ಒತ್ತಿದರೆ ಆಗಿಬಿಡುವ ಕೆಲಸ ಎಂದು ನಾನು ಅಲ್ಲಿಯವರೆಗೆ ಅಂದುಕೊಂಡಿದ್ದೆ. ಹಾಗಲ್ಲ. ಒಳಗೆ ಇಟ್ಟಿಗೆಯ ಗೂಡು, ಅದರ ಸುತ್ತ ಕೆಂಪಗೆ ಕಾಯುವ ಕಾಯಿಲ್‌ಗಳು. ಮೊದಲು ಗೂಡು ನೂರಾರು ಡಿಗ್ರಿಗೆ ಕಾಯಬೇಕು, ಅದಕ್ಕೇ ಎಷ್ಟೋ ಹೊತ್ತು ಹಿಡಿಯುತ್ತದೆ. ಆಮೇಲೆ ಬಾಗಿಲು ಮೇಲೆತ್ತಿ, ಹಳಿಯ ಮೇಲಿನ ಟ್ರಾಲಿಯನ್ನು ಒಂದೇ ಉಸಿರಿಗೆ ಒಳಗೆ ನೂಕಿ, ಹಿಂದಕ್ಕೆ ಎಳೆದುಕೊಳ್ಳಬೇಕು. ಬಾಗಿಲು ತೆರೆದಾಗ ಹತ್ತಡಿ ದೂರ ನಿಂತಿದ್ದ ನನ್ನ ಹುಬ್ಬು ಕಾದವು. ನೂಕುವವರು ನಿಂತಿದ್ದದ್ದು ಬಾಗಿಲ ಬಾಯಲ್ಲೇ, ಅದೂ ಪ್ಲಾಸ್ಟಿಕ್‌ನ ಪಿಪಿಇ ಕಿಟ್ ತೊಟ್ಟು. ಒಂದು ದೇಹಕ್ಕೆ ಹೆಚ್ಚುಕಡಿಮೆ ಒಂದು ಗಂಟೆ. ಬಳಿಕ ಉದ್ದನೆಯ ಕಬ್ಬಿಣದ ಕೋಲಿನಿಂದ ಬೂದಿ ಕೆದಕಿ ಕೆಳಗಿನ ತಟ್ಟೆಗೆ ಎಳೆದು, ಗೂಡು ಮತ್ತೆ ಕಾಯುವವರೆಗೆ ಕಾಲು ಗಂಟೆ. ಮಾಮೂಲಿ ದಿನಗಳಲ್ಲಿ ಅಲ್ಲಿಗೆ ಬರುತ್ತಿದ್ದದ್ದು ಐದಾರು ದೇಹ, ಸಂಜೆಗೆ ಬಾಗಿಲು ಹಾಕಿ ಮನೆಗೆ ಹೋಗುತ್ತಿದ್ದರಂತೆ. ಆ ವಾರ ದಿನಕ್ಕೆ ಇಪ್ಪತ್ತು ದಾಟಿ, ರಾತ್ರಿ ಹಗಲು ಒಂದಾಗಿತ್ತು. ಬಿಡುವಿಲ್ಲದೆ ಉರಿದ ಗೂಡಿನ ಇಟ್ಟಿಗೆ ಬಿರುಕು ಬಿಡುತ್ತದೆ, ಕಾಯಿಲ್ ಸುಟ್ಟುಹೋಗುತ್ತದೆ. ಒಂದು ಕುಲುಮೆ ಕೈಕೊಟ್ಟರೆ ಹೊರಗಿನ ಸಾಲು ಎರಡರಷ್ಟಾಗುತ್ತದೆ. ಆ ಸಾಲಿನ ಸಿಟ್ಟೆಲ್ಲ ಬೀಳುವುದು ಕುಲುಮೆಯ ಮುಂದೆ ನಿಂತವರ ಮೇಲೆ.

ಆವತ್ತು ಹಾಗೇ ಆಯಿತು. ನಾಲ್ಕನೆಯ ಗಾಡಿಯ ಹುಡುಗನೊಬ್ಬ ‘ದುಡ್ಡು ಕೊಟ್ಟವರದ್ದು ಮೊದಲು ಮಾಡ್ತಿದೀರ’ ಎಂದು ಕೂಗಾಡಿದ. ಅವನು ಬೆಳಗಿನಿಂದ ಅಪ್ಪನ ದೇಹ ಇಟ್ಟುಕೊಂಡು ಕಾದವನು, ಅವನನ್ನು ಯಾರು ತಾನೇ ಬೈಯಲಾದೀತು? ಒಳಗಿನಿಂದ ಒಬ್ಬರು ಹೊರಬಂದು ಉದ್ದನೆಯ ರಿಜಿಸ್ಟರ್ ಪುಸ್ತಕವನ್ನು ಅವನ ಮುಂದೆ ಹಿಡಿದರು. ಒಂದೊಂದೇ ಸಾಲಿನ ಮೇಲೆ ಬೆರಳಿಟ್ಟು ತೋರಿಸಿದರು. ಕ್ರಮಸಂಖ್ಯೆ, ಹೆಸರು, ವಯಸ್ಸು, ಆಸ್ಪತ್ರೆ, ಬಂದ ಹೊತ್ತು, ಒಳಗೆ ಹೋದ ಹೊತ್ತು. ಹುಡುಗ ಓದಿ, ಏನೂ ಹೇಳದೆ ಹೋಗಿ ಫುಟ್‌ಪಾತಿನ ಮೇಲೆ ಕುಳಿತ. ಇವರು ಅವನ ಹಿಂದೆಯೇ ಹೋಗಿ ಒಂದು ನೀರಿನ ಬಾಟಲಿ ಕೊಟ್ಟು ಬಂದರು. ಅವರಿಗೆ ನಲವತ್ತೈದರ ಆಸುಪಾಸು ಇರಬಹುದು. ಮುಂದೆ ಎಲ್ಲರಂತೆ ನಾನೂ ಅವರನ್ನು ಅಣ್ಣ ಎಂದೇ ಕರೆದೆ.

ಕಿಟಕಿಯ ಮೇಲಿನ ತಟ್ಟೆ

ನಮ್ಮ ಸರದಿ ಬಂದಾಗ ಅಣ್ಣ ಕೇಳಿದ್ದು ಒಂದೇ ಪ್ರಶ್ನೆ: “ನಿಮ್ಮ ಕಡೆ ಏನು ಪದ್ಧತಿ ಸಾರ್?”

ನನಗೆ ಅರ್ಥವಾಗಲಿಲ್ಲ. ಅವರು ಕಿಟಕಿಯ ಕಟ್ಟೆಯ ಮೇಲಿದ್ದ ಸ್ಟೀಲ್ ತಟ್ಟೆ ತೋರಿಸಿದರು. ಅಕ್ಕಿ, ಕರಿ ಎಳ್ಳು, ವಿಭೂತಿ ಉಂಡೆ, ಕುಂಕುಮ, ಕರ್ಪೂರದ ಡಬ್ಬಿ, ಬಾಡಿದ ತುಳಸಿ, ಒಂದು ಚೊಂಬಿನಲ್ಲಿ ನೀರು. ಬರುವವರಿಗೆ ತಮ್ಮವರ ಬಾಯಿಗೆ ನಾಲ್ಕು ಕಾಳು ಅಕ್ಕಿ ಹಾಕಲೂ ಆಗುತ್ತಿಲ್ಲವಲ್ಲ ಎಂದು ತಾವೇ ತಂದಿಟ್ಟುಕೊಂಡದ್ದು. ಯಾರೂ ಹೇಳಿ ಮಾಡಿಸಿದ್ದಲ್ಲ. ಕೇಂದ್ರ ಆರೋಗ್ಯ ಸಚಿವಾಲಯ 2020ರ ಮಾರ್ಚ್‌ನಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ, ಚೀಲದ ಜಿಪ್ ಸ್ವಲ್ಪ ಸರಿಸಿ ಮುಖ ತೋರಿಸಬಹುದು, ದೇಹ ಮುಟ್ಟದೆ ಮಾಡುವ ವಿಧಿಗಳಿಗೆ ಅಡ್ಡಿಯಿಲ್ಲ ಎಂದಿತ್ತು. ಬಹಳ ಕಡೆ ಹೆದರಿಕೆಯಿಂದ ಅದೂ ನಡೆಯುತ್ತಿರಲಿಲ್ಲ. ಇಲ್ಲಿ ಅಣ್ಣ ಜಿಪ್ಪನ್ನು ಒಂದು ಗೇಣು ಸರಿಸಿದರು. ಮಾವನ ಮುಖ ಕಂಡಿತು. ನಾನು ಫೋನಿನಲ್ಲಿ ವಿಡಿಯೊ ಕಾಲ್ ಹಿಡಿದೆ. ಆ ಕಡೆ ಅತ್ತೆ ಏನೋ ಹೇಳಲು ಹೋದರು, ಸ್ವರ ಹೊರಡಲಿಲ್ಲ. ಅಣ್ಣ ಗ್ಲೌಸ್ ತೊಟ್ಟ ಕೈಯಿಂದ ತುಳಸಿ ನೀರು ಬಿಟ್ಟು, ಅಕ್ಕಿ ಹಾಕಿ, ಫೋನಿನ ಕಡೆ ಬಾಗಿ, “ಅಮ್ಮಾ, ನೀವು ಹಾಕ್ದಂಗೇ ಅನ್ಕೊಳ್ಳಿ. ನೋಡಿದ್ರಲ್ಲ, ಈಗ ಕಳಿಸಿಕೊಡ್ತೀನಿ” ಎಂದರು. ಎರಡು ನಿಮಿಷವೂ ಆಗಿರಲಿಕ್ಕಿಲ್ಲ. ಅತ್ತೆ ಇವತ್ತಿಗೂ ಆ ಎರಡು ನಿಮಿಷದ ಮಾತು ಆಡುತ್ತಾರೆ.

ಇದನ್ನು ಕೌಶಲ ಎಂದೇ ಕರೆಯಬೇಕೆಂದು ನನ್ನ ಅನಿಸಿಕೆ. ಯಾರಿಗೆ ವಿಭೂತಿ, ಯಾರಿಗೆ ತುಳಸಿ, ಯಾರಿಗೆ ಬರೀ ಹೂವು ಎನ್ನುವುದು ಅವರಿಗೆ ಗೊತ್ತಿತ್ತು. ಹೂಳುವ ಪದ್ಧತಿಯ ಮನೆಯವರೂ ಆಗ ಬೇರೆ ದಾರಿ ಕಾಣದೆ ಚಿತಾಗಾರಕ್ಕೆ ಬರುತ್ತಿದ್ದರು. ಸುಡುವುದೆಂದರೇ ಸಂಕಟಪಡುವ ಅಂಥವರ ಹತ್ತಿರ ಹೇಗೆ ಮಾತಾಡಬೇಕೆಂಬುದೂ ತಿಳಿದಿತ್ತು. ಕನ್ನಡ, ತೆಲುಗು, ತಮಿಳು, ಉರ್ದು ಬೆರೆತ ಹಿಂದಿ, ಎದುರಿಗಿದ್ದವರ ಬಾಯಿ ನೋಡಿ ಭಾಷೆ ಬದಲಿಸುತ್ತಿದ್ದರು. ಇದಕ್ಕೆಲ್ಲ ತರಬೇತಿ ಎಲ್ಲಿ ಎಂದು ಆಮೇಲೊಮ್ಮೆ ಕೇಳಿದ್ದಕ್ಕೆ, “ಅಪ್ಪ ಇಲ್ಲೇ ಗುಂಡಿ ತೋಡ್ತಿದ್ರು ಸಾರ್, ನಾನು ಇಲ್ಲೇ ಬೆಳ್ದೋನು” ಎಂದರು. ಬೆಂಗಳೂರಿನ ರುದ್ರಭೂಮಿಗಳಲ್ಲಿ ದುಡಿಯುವ ಅನೇಕರ ಕತೆ ಇದೇ. ಅಜ್ಜ, ಅಪ್ಪ, ಮಗ ಎಲ್ಲರೂ ಅದೇ ಕಾಂಪೌಂಡಿನೊಳಗೆ ಬಾಳಿದವರು, ಬಹುಪಾಲು ದಲಿತ ಸಮುದಾಯಗಳಿಂದ ಬಂದವರು. ಕೆಲಸ ತಲೆಮಾರಿನಿಂದ ತಲೆಮಾರಿಗೆ ಇಳಿದು ಬಂದಿದೆ. ನೇಮಕಾತಿ ಪತ್ರ ಮಾತ್ರ ಎಷ್ಟೋ ಮಂದಿಗೆ ಯಾವ ತಲೆಮಾರಿನಲ್ಲೂ ಬಂದಿಲ್ಲ.

ಊರು ಆಗ ಹೇಗಿತ್ತು ಎನ್ನುವುದನ್ನು ನೆನಪಿಸಿಕೊಳ್ಳದಿದ್ದರೆ ಇವರ ಮೇಲೆ ಬಿದ್ದ ಭಾರ ಅರ್ಥವಾಗುವುದಿಲ್ಲ. ಮೇ 5ರಂದು ರಾಜ್ಯದಲ್ಲಿ ಒಂದೇ ದಿನ 50,112 ಹೊಸ ಪ್ರಕರಣ. ಮೇ 10ರ ಬುಲೆಟಿನ್‌ನಲ್ಲಿ 596 ಸಾವು. ಬೆಂಗಳೂರಿನಲ್ಲಿದ್ದ ಡಜನ್ ಚಿಲ್ಲರೆ ವಿದ್ಯುತ್ ಚಿತಾಗಾರಗಳು ಸಾಲದೆ, ತಾವರೆಕೆರೆಯಲ್ಲೂ ಗಿಡ್ಡೇನಹಳ್ಳಿಯ ಹಳೇ ಕಲ್ಲುಕ್ವಾರಿಯಲ್ಲೂ ಬಯಲಿನಲ್ಲೇ ಸೌದೆ ಒಟ್ಟಿ ಸುಡುವ ಏರ್ಪಾಡಾಯಿತು. ಸ್ವಂತ ಜಮೀನಿನಲ್ಲಿ ಅಂತ್ಯಕ್ರಿಯೆ ಮಾಡಿಕೊಳ್ಳಲು ಸರ್ಕಾರ ಅನುಮತಿ ಕೊಟ್ಟಿತು. ಚಾಮರಾಜಪೇಟೆಯ ಚಿತಾಗಾರದ ಮುಂದೆ ‘ಹೌಸ್‌ಫುಲ್’ ಬೋರ್ಡ್ ತೂಗುಹಾಕಿದ ಚಿತ್ರ ದೇಶದುದ್ದಕ್ಕೂ ಓಡಾಡಿತು. ಆ ಬೋರ್ಡನ್ನು ಕ್ರೌರ್ಯ ಎಂದು ಬೈದವರು ಬಹಳ. ನನಗೆ ಅದು, ಇನ್ನು ಕೈಲಾಗದು ಎಂದು ಯಾರಿಗೆ ಹೇಳಬೇಕೆಂದೇ ಗೊತ್ತಿಲ್ಲದವರು ಗೇಟಿಗೆ ಹೇಳಿದ ಮಾತಿನ ಹಾಗೆ ಕಂಡಿತು.

ರಿಜಿಸ್ಟರ್

ಅಸ್ಥಿಗೆಂದು ಎರಡು ವಾರದ ಮೇಲೆ ಹೋದೆ. ಮನೆಯವರ ಐಸೊಲೇಶನ್ ಮುಗಿಯಬೇಕಿತ್ತು. ಒಳಕೋಣೆಯ ಗೋಡೆಯುದ್ದಕ್ಕೂ ಮೂರು ಸಾಲು ಮಣ್ಣಿನ ಕುಡಿಕೆಗಳು, ಬಾಯಿಗೆ ಬಿಳಿ ಬಟ್ಟೆ, ಕತ್ತಿಗೆ ದಾರ, ದಾರದಲ್ಲಿ ಕಾರ್ಡು. ಅಸ್ಥಿಯಿಂದ ಸೋಂಕು ಬರುವುದಿಲ್ಲ ಎಂದು ಅದೇ ಮಾರ್ಗಸೂಚಿಯಲ್ಲಿ ಸ್ಪಷ್ಟವಾಗಿ ಬರೆದಿದ್ದರೂ ಒಯ್ಯಲು ಜನ ಬಂದಿರಲಿಲ್ಲ. ಕೆಲವರಿಗೆ ಹೆದರಿಕೆ, ಕೆಲವರು ಆಸ್ಪತ್ರೆಯಲ್ಲಿ, ಕೆಲವು ಮನೆಗಳಲ್ಲಿ ಬರಲು ಯಾರೂ ಉಳಿದಿರಲಿಲ್ಲ. ಹೀಗೆ ಬೆಂಗಳೂರಿನಲ್ಲಿ ಉಳಿದುಹೋದ ಐನೂರಕ್ಕೂ ಹೆಚ್ಚು ಜನರ ಅಸ್ಥಿಯನ್ನು ಜೂನ್ 2ರಂದು ಆಗಿನ ಕಂದಾಯ ಸಚಿವ ಆರ್. ಅಶೋಕ ಅವರು ಮಳವಳ್ಳಿ ತಾಲ್ಲೂಕಿನ ಬೆಳಕವಾಡಿಯ ಬಳಿ ಕಾವೇರಿಯಲ್ಲಿ ವಿಸರ್ಜಿಸಿದರು. ಅದು ಸುದ್ದಿಯಾಯಿತು, ಆಗಬೇಕಾದ್ದೇ. ಆದರೆ ಅಷ್ಟು ದಿನ ಒಂದು ಕುಡಿಕೆಯ ಕಾರ್ಡು ಇನ್ನೊಂದಕ್ಕೆ ಅದಲುಬದಲಾಗದ ಹಾಗೆ ಕಾದಿಟ್ಟವರು ಯಾರು?

ಅಣ್ಣ ರಿಜಿಸ್ಟರ್ ತೆಗೆದು ಮಾವನ ಸಾಲು ಹುಡುಕಿ ನನ್ನಿಂದ ಸಹಿ ಹಾಕಿಸಿದರು. ಆಗ ಅವರ ಕೈ ನೋಡಿದೆ. ಗ್ಲೌಸ್ ಈಗಷ್ಟೇ ಕಳಚಿದ್ದರು. ಬೆರಳ ತುದಿಗಳು ದಿನವಿಡೀ ನೀರಲ್ಲಿ ನೆನೆದ ಹಾಗೆ ಬೆಳ್ಳಗೆ ಸುಕ್ಕುಗಟ್ಟಿದ್ದವು, ಮಣಿಕಟ್ಟಿನ ಮೇಲೆ ಇಲಾಸ್ಟಿಕ್ ಕಚ್ಚಿದ ಕೆಂಪು ಗೆರೆ. ಪೆನ್ನು ಜಾರದಂತೆ ಅಂಗಿಗೆ ಕೈ ಒರೆಸಿಕೊಂಡು ‘ಅಸ್ಥಿ ಪಡೆಯಲಾಗಿದೆ’ ಎಂದು ದುಂಡಗೆ ಬರೆದರು.

ಆ ರಿಜಿಸ್ಟರ್ ಬಗ್ಗೆ ಇನ್ನಷ್ಟು ಹೇಳಬೇಕು. ಏಪ್ರಿಲ್ ತಿಂಗಳಲ್ಲೇ ಪತ್ರಿಕೆಗಳು ಬೆಂಗಳೂರಿನ ಚಿತಾಗಾರಗಳ ಲೆಕ್ಕವನ್ನು ಸರ್ಕಾರಿ ಬುಲೆಟಿನ್ನಿನ ಪಕ್ಕದಲ್ಲಿಟ್ಟು, ಎರಡೂ ತಾಳೆಯಾಗುತ್ತಿಲ್ಲ ಎಂದು ಬರೆದವು. ಸಾವು ವರದಿಯಾಗಲು ಹಿಡಿಯುವ ದಿನಗಳು, ಬೇರೆ ಜಿಲ್ಲೆಯಿಂದ ಬಂದವರು ಎಂದೆಲ್ಲ ಅದಕ್ಕೆ ಕಾರಣಗಳಿದ್ದವು. ಏನೇ ಇರಲಿ, ಊರಿನಲ್ಲಿ ಎಷ್ಟು ಜನ ಹೋದರು ಎಂದು ತಿಳಿಯಬೇಕಾದಾಗ ವರದಿಗಾರರು ಬಂದು ನಿಂತದ್ದು ಈ ಪುಸ್ತಕಗಳ ಮುಂದೆ. ನಿದ್ದೆಗೆಟ್ಟ ಕಣ್ಣಿನಲ್ಲಿ, ಬೆವರಿದ ಕೈಯಲ್ಲಿ ಬರೆದ ಆ ಸಾಲುಗಳು ಸಾಕ್ಷಿಯಾದವು. ಬರೆದವರ ಹಾಜರಿಗೆ ಮಾತ್ರ ಅಷ್ಟು ಗಟ್ಟಿಯಾದ ಪುಸ್ತಕ ಇರಲಿಲ್ಲ. ಅಲ್ಲಿದ್ದ ಐವರಲ್ಲಿ ಇಬ್ಬರಿಗಷ್ಟೇ ಗುರುತಿನ ಚೀಟಿ. ಉಳಿದ ಮೂವರು, ಅವರದೇ ಮಾತಿನಲ್ಲಿ ಹೇಳುವುದಾದರೆ, ‘ಅಣ್ಣನ ಜೊತೆಗಿರೋರು’.

ಯಾಕೆ ಕಾಣಲಿಲ್ಲ

ಮೊದಲ ಅಲೆಯಲ್ಲಿ ದೇಶ ಕೃತಜ್ಞತೆ ಹೇಳಿದ ಬಗೆ ನಿಮಗೆ ನೆನಪಿರಬಹುದು. 2020ರ ಮಾರ್ಚ್ 22ರ ಸಂಜೆ ಚಪ್ಪಾಳೆ, ತಟ್ಟೆ, ಜಾಗಟೆ. ಮೇ 3ರಂದು ವಾಯುಪಡೆಯ ಹೆಲಿಕಾಪ್ಟರುಗಳಿಂದ ಆಸ್ಪತ್ರೆಗಳ ಮೇಲೆ ಹೂಮಳೆ. ನಾನೂ ಬಾಲ್ಕನಿಯಲ್ಲಿ ನಿಂತು ತಟ್ಟೆ ಬಡಿದೆ, ಮನಃಪೂರ್ವಕವಾಗಿಯೇ. ವೈದ್ಯರು, ನರ್ಸುಗಳು, ಪೊಲೀಸರು, ಪೌರಕಾರ್ಮಿಕರು ನನ್ನ ಮನಸ್ಸಿನಲ್ಲಿದ್ದರು. ಸ್ಮಶಾನದವರು ಇರಲಿಲ್ಲ. ಬದುಕಿಸುವವರನ್ನು ನೆನೆಯುವ ಹೊತ್ತಿನಲ್ಲಿ ಸುಡುವವರ ನೆನಪು ಅಪಶಕುನ ಅನಿಸುತ್ತದೆ. ‘ಬಿಡ್ತು ಅನ್ನು’ ಎಂದು ಬಾಯಿ ಮುಚ್ಚಿಸುವ ಸಂಗತಿ ಅದು. ತಿರುಗಿ ನೋಡಬಾರದು ಎಂಬ ರೂಢಿ ಮೋಹದ ವಿಷಯಕ್ಕೆ ಸರಿ. ಅದರ ಮರೆಯಲ್ಲಿ ಜಾತಿಯ ಮಡಿಮೈಲಿಗೆಯೂ ನಿಂತಿದೆ ಎನ್ನುವುದನ್ನು ಒಪ್ಪಿಕೊಳ್ಳದೆ ಈ ಬರಹ ಪ್ರಾಮಾಣಿಕವಾಗದು.

ಇನ್ನೊಂದು ಕಾರಣ ಸಂಖ್ಯೆ. ಕರ್ನಾಟಕದ ಸುಮಾರು 42,000 ಆಶಾ ಕಾರ್ಯಕರ್ತೆಯರು 2020ರ ಜುಲೈನಲ್ಲಿ ತಿಂಗಳಿಗೆ 12,000 ರೂಪಾಯಿ ಗೌರವಧನ ಕೇಳಿ ಕೆಲಸ ನಿಲ್ಲಿಸಿದಾಗ ಹಳ್ಳಿಹಳ್ಳಿಗೂ ಗೊತ್ತಾಯಿತು. ಕೇಳಿದ್ದು ಸಿಕ್ಕಿತೆಂದಲ್ಲ, ಆದರೆ ಕೇಳಿದ್ದು ಕಿವಿಗೆ ಬಿತ್ತು. ಸ್ಮಶಾನ ನೌಕರರು ಇಡೀ ಬೆಂಗಳೂರಿನಲ್ಲಿ ಹುಡುಕಿದರೂ ಕೆಲವು ನೂರು ಜನ. ಅವರು ಒಂದು ದಿನ ಕೆಲಸ ನಿಲ್ಲಿಸಿದರೆ ಏನಾದೀತೆಂಬುದು ಎಲ್ಲರಿಗಿಂತ ಚೆನ್ನಾಗಿ ಗೊತ್ತಿದ್ದವರು ಅವರೇ. ಅದಕ್ಕೇ ನಿಲ್ಲಿಸಲಿಲ್ಲ. “ಹೊರಗಡೆ ಹೆಣ ಇಟ್ಕೊಂಡು ನಿಂತೋರ ಮುಂದೆ ಸ್ಟ್ರೈಕ್ ಅನ್ನಕ್ಕೆ ಬಾಯಿ ಬರ್ತದಾ ಸಾರ್?” ಎಂದು ಅಣ್ಣ ಕೇಳಿದ್ದರು.

ಸರ್ಕಾರದ ಕಣ್ಣಿಗೆ ಬೀಳಲೇ ಇಲ್ಲ ಎಂದರೆ ತಪ್ಪಾಗುತ್ತದೆ. 2020ರ ಜುಲೈನಲ್ಲೇ ಬಿಬಿಎಂಪಿ, ಕೋವಿಡ್‌ನಿಂದ ತೀರಿಕೊಂಡವರ ಅಂತ್ಯಸಂಸ್ಕಾರದ ಶುಲ್ಕ, ಚಟ್ಟದ ಖರ್ಚು, ಅಸ್ಥಿ ಕುಡಿಕೆಯ ದುಡ್ಡು ಎಲ್ಲ ಸೇರಿ 1,250 ರೂಪಾಯಿಯನ್ನು ತಾನೇ ಭರಿಸುವುದಾಗಿ ಹೇಳಿತು. ನೌಕರರಿಗೆ ಒಂದು ದೇಹಕ್ಕೆ 500 ರೂಪಾಯಿ ಪ್ರೋತ್ಸಾಹಧನವನ್ನೂ ಘೋಷಿಸಿತು. ಒಳ್ಳೆಯ ನಿರ್ಧಾರ. ಆದರೆ ಎರಡನೆಯ ಅಲೆಯ ಹೊತ್ತಿಗೆ, ಸಂಬಳವೇ ತಿಂಗಳುಗಟ್ಟಲೆ ಬಾಕಿ ಎಂದು ನಗರದ ಹಲವು ಚಿತಾಗಾರಗಳ ನೌಕರರು ಪತ್ರಿಕೆಗಳಿಗೆ ಹೇಳಿಕೊಂಡರು. ಲಸಿಕೆಯದ್ದೂ ಅಷ್ಟೆ. 18ರಿಂದ 44 ವಯಸ್ಸಿನವರಲ್ಲಿ ಯಾರಿಗೆ ಮೊದಲು ಎಂಬ ರಾಜ್ಯದ ಆದ್ಯತೆಯ ಪಟ್ಟಿಯಲ್ಲಿ ಸ್ಮಶಾನ ಕಾರ್ಮಿಕರ ಹೆಸರು ಬಂದದ್ದು 2021ರ ಮೇ ಮೂರನೆಯ ವಾರದ ಸುಮಾರಿಗೆ. ಐವರಲ್ಲಿ ಕಿರಿಯವನಿಗೆ ಇಪ್ಪತ್ತಮೂರು. ಅಷ್ಟರಲ್ಲಿ ಅವನು ನೂರಾರು ದೇಹಗಳನ್ನು ಕೈಯಾರೆ ಟ್ರಾಲಿಗೆ ಏರಿಸಿಯಾಗಿತ್ತು.

ಶಾಲು, ಮತ್ತು ಬಿಸಿನೀರು

ಇಲ್ಲಿಂದ ನಮ್ಮ ಪಾತ್ರ. ಜೂನ್ ಕೊನೆಗೆ ಊರು ತೆರೆದುಕೊಂಡಾಗ ನಮ್ಮ ಬಡಾವಣೆಯ ಆರೇಳು ಮಂದಿ ಸೇರಿ ಅವರಿಗೊಂದು ಸನ್ಮಾನ ಎಂದು ಗೊತ್ತುಮಾಡಿದೆವು. ನಮ್ಮಲ್ಲಿ ಮೂವರು ಅದೇ ಚಿತಾಗಾರದಲ್ಲಿ ತಮ್ಮವರನ್ನು ಕಳಿಸಿಕೊಟ್ಟವರು. ಶಾಲು, ಹಾರ, ಹಣ್ಣಿನ ಬುಟ್ಟಿ, ಮೈಸೂರು ಪೇಟ. ನಮಗೆ ಗೊತ್ತಿದ್ದ ಗೌರವದ ಭಾಷೆ ಅದೊಂದೇ. ಸಮುದಾಯ ಭವನಕ್ಕೆ ಐವರನ್ನೂ ಕರೆದೆವು, ಬಂದದ್ದು ಇಬ್ಬರು. ಕುಲುಮೆ ಬಿಟ್ಟು ಎಲ್ಲರೂ ಬರುವುದು ಹೇಗೆಂದು ನಾವು ಯೋಚಿಸಿಯೇ ಇರಲಿಲ್ಲ. ಬಂದವರೂ ಕುರ್ಚಿಯ ತುದಿಯಲ್ಲಿ ಕೂತರು. ಫೋಟೊ ಆಯಿತು. ಇಪ್ಪತ್ತಮೂರರ ಹುಡುಗ ಪೇಟವನ್ನು ತಲೆಯಿಂದ ತೆಗೆದು ಮಡಿಲಲ್ಲಿ ಹಿಡಿದುಕೊಂಡ. ಊಟಕ್ಕೆ ಕರೆದರೆ ಅಣ್ಣ, “ಸ್ನಾನ ಆಗಿಲ್ಲ ಸಾರ್, ಡ್ಯೂಟಿಯಿಂದ ಹಂಗೇ ಬಂದ್ವಿ. ಪಾರ್ಸಲ್ ಕೊಟ್ಬಿಡಿ” ಎಂದರು.

ಅದು ಸಂಕೋಚದ ಮಾತು ಎಂದುಕೊಂಡು ನಾನು ಬಲವಂತ ಮಾಡಿದೆ. ಆಗ ಅವರು ಮೆಲ್ಲಗೆ ಹೇಳಿದರು: “ಅಲ್ಲಿ ಬಚ್ಚಲಿಲ್ಲ ಸಾರ್. ನಲ್ಲಿ ಐತೆ, ತಣ್ಣೀರು. ರಾತ್ರಿ ಮೂರಕ್ಕೆ ಕಿಟ್ ಬಿಚ್ಚಿ ಆ ನೀರು ಹುಯ್ಕೊಂಡ್ರೆ ಮೈಯೆಲ್ಲ ನಡುಕ. ಬಿಸಿನೀರಿದ್ದಿದ್ರೆ ಸಾಕಾಗಿತ್ತು. ಮನೇಲಿ ಮಕ್ಕಳವ್ರೆ, ಹಂಗೇ ಹೋಗಂಗಿಲ್ಲ.”

ಎರಡು ತಿಂಗಳಿಂದ ನಾನು ಆ ಜಾಗಕ್ಕೆ ಹೋಗಿ ಬಂದಿದ್ದೆ. ಬಿಸ್ಕತ್ತು, ಓಆರ್‌ಎಸ್, ಮಾಸ್ಕ್ ಪೆಟ್ಟಿಗೆ ಒಯ್ದು ಕೊಟ್ಟಿದ್ದೆ. ಅವರು ಸ್ನಾನ ಎಲ್ಲಿ ಮಾಡುತ್ತಾರೆ ಎಂದು ಒಮ್ಮೆಯೂ ಕೇಳಿರಲಿಲ್ಲ. ನಾನು ಮಾತ್ರ ಏಪ್ರಿಲ್ 28ರ ಆ ರಾತ್ರಿ ಮನೆಗೆ ಬಂದು, ಗೀಸರ್ ಹಾಕಿ, ಎರಡು ಬಕೆಟ್ ಬಿಸಿನೀರು ಹೊಯ್ದುಕೊಂಡು ದೀಪ ನೋಡಿದ್ದೆ.

ಆಮೇಲೆ ನಡೆದದ್ದು ದೊಡ್ಡ ಸಾಹಸವೇನಲ್ಲ. ವಾರ್ಡ್ ಕಚೇರಿಗೆ ಮೂರು ಸಲ ಹೋಗಿ ಒಪ್ಪಿಗೆ ಪಡೆದೆವು. ಮೂಲೆಯಲ್ಲಿದ್ದ ಹಳೇ ಸಾಮಾನಿನ ಕೋಣೆ ಖಾಲಿ ಮಾಡಿಸಿ, ನೆಲಕ್ಕೆ ಇಳಿಜಾರು ಕೊಟ್ಟು, ನೀರಿನ ಟ್ಯಾಂಕು, ಒಂದು ಗೀಸರ್, ಬಟ್ಟೆ ನೇತುಹಾಕಲು ಗೂಟ, ಚಿಲಕವಿರುವ ಬಾಗಿಲು ಹಾಕಿಸಿದೆವು. ಮೊದಲಿಗೆ ಚಿಲಕ ಒಳಗಡೆ ಇರಲಿಲ್ಲ, ಹುಡುಗ ಹೇಳಿದ ಮೇಲೆ ಹಾಕಿಸಿದ್ದು. ನಾವು ಸನ್ಮಾನಕ್ಕೆ ಮಾಡಿದ ಖರ್ಚಿಗಿಂತ ಅಷ್ಟೇನೂ ಹೆಚ್ಚಾಗಲಿಲ್ಲ. ಬಚ್ಚಲಾದ ಮೇಲೆ ಅವರು ಅಲ್ಲೇ ಸ್ನಾನ ಮಾಡಿ, ಬೇರೆ ಬಟ್ಟೆ ತೊಟ್ಟು, ಬಸ್ಸಿನಲ್ಲಿ ಎಲ್ಲರ ನಡುವೆ ಕೂತು ಮನೆಗೆ ಹೋಗುವಂತಾಯಿತು. ಅಲ್ಲಿಯವರೆಗೆ ವಾಸನೆಯ ಅಂಜಿಕೆಗೆ ನಡೆದೇ ಹೋಗುತ್ತಿದ್ದರೆಂದು ತಿಳಿದದ್ದು ಕೂಡ ಆಗಲೇ.

ಎರಡನೆಯ ಕೆಲಸ ಪತ್ರ. ಅಣ್ಣನ ರಿಜಿಸ್ಟರಿನಲ್ಲಿ ದಿನವಾರು ಎಷ್ಟು ದೇಹ ಎಂಬ ಲೆಕ್ಕ ಇತ್ತಲ್ಲ, ನಮ್ಮಲ್ಲಿ ನಿವೃತ್ತ ಲೆಕ್ಕಾಧಿಕಾರಿಯೊಬ್ಬರು ಅದನ್ನೇ ಆಧಾರ ಮಾಡಿಕೊಂಡು ಪ್ರೋತ್ಸಾಹಧನ ಎಷ್ಟು ಬರಬೇಕು, ಎಷ್ಟು ಬಂದಿದೆ ಎಂದು ಕೋಷ್ಟಕ ಹಾಕಿಕೊಟ್ಟರು. ಐವರ ಸಹಿಯೊಂದಿಗೆ ಅರ್ಜಿ ಹೋಯಿತು. ಬಾಕಿಯಲ್ಲಿ ಒಂದು ಪಾಲು ಗುರುತಿನ ಚೀಟಿ ಇದ್ದ ಇಬ್ಬರಿಗೆ ಬಂತು. ಉಳಿದ ಮೂವರಿಗೆ ಬರಲಿಲ್ಲ, ಏಕೆಂದರೆ ಕಾಗದದಲ್ಲಿ ಅವರು ಇರಲೇ ಇಲ್ಲ. ಬಂದ ದುಡ್ಡನ್ನು ಐವರೂ ಹಂಚಿಕೊಂಡರು. ಇಲ್ಲಿ ನಮ್ಮ ಪ್ರಯತ್ನ ಅರ್ಧಕ್ಕೆ ನಿಂತಿತು ಎಂದು ಬರೆಯುವುದೇ ಸರಿ.

ಮೂರನೆಯ ಮಾತು ಕೈಗೆ ಕೊಡುವ ದುಡ್ಡು. ಆ ರಾತ್ರಿ ನಾನೂ ಅಣ್ಣನ ಕೈಗೆ ಎರಡು ಸಾವಿರ ಇಟ್ಟಿದ್ದೆ. ಅವರು ಬೇಡವೆನ್ನಲಿಲ್ಲ. ಸಂಬಳ ಬಾರದ ತಿಂಗಳುಗಳಲ್ಲಿ ಬಹುಶಃ ಅದರಿಂದಲೇ ಮನೆ ನಡೆದಿರಬೇಕು. ಆದರೆ ಅದೇ ದುಡ್ಡು ಮಾರನೆಯ ದಿನ ಐವರ ನಡುವೆ ಜಗಳ ತಂದಿಟ್ಟಿತೆಂದು ಆಮೇಲೆ ಗೊತ್ತಾಯಿತು. ಬೇರೆ ಕಡೆಗಳಲ್ಲಿ ಸಾವಿರಾರು ರೂಪಾಯಿ ಪೀಕಿದರು ಎಂಬ ದೂರುಗಳೂ ಆಗ ಇದ್ದವು, ಅವೆಲ್ಲ ಸುಳ್ಳೆಂದು ನಾನು ಹೇಳಲಾರೆ. ಸಂಬಳ ಹೊತ್ತಿಗೆ ಸರಿಯಾಗಿ ಬಾರದ ಕೆಲಸದಲ್ಲಿ, ದುಃಖದಲ್ಲಿರುವ ಮನೆಯವರ ಜೇಬೇ ಸಂಬಳವಾಗುತ್ತದೆ. ಆಗ ಕೊಡುವವನಿಗೆ ಅದು ಲಂಚ, ಪಡೆಯುವವನಿಗೆ ಭಿಕ್ಷೆ. ಇಬ್ಬರ ಮರ್ಯಾದೆಯೂ ಉಳಿಯುವುದಿಲ್ಲ. ಆಮೇಲೆ ನಾವು ಕೈಗೆ ಕೊಡುವುದನ್ನು ನಿಲ್ಲಿಸಿ, ಐವರ ಮಕ್ಕಳ ಶಾಲೆಯ ಫೀಸು ನೇರ ಶಾಲೆಗೇ ಕಟ್ಟಿದೆವು. ಒಂದು ವರ್ಷ ಅಷ್ಟೆ, ಅದಕ್ಕಿಂತ ಹೆಚ್ಚು ನಡೆಸಲು ನಮ್ಮಿಂದಾಗಲಿಲ್ಲ.

2022ರ ಸೆಪ್ಟೆಂಬರ್‌ನಲ್ಲಿ ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಸ್ಮಶಾನ ನೌಕರರನ್ನು ಕರೆಸಿ, ಜೊತೆಯಲ್ಲಿ ಕೂತು ತಿಂಡಿ ತಿಂದು, ಅವರ ಕೆಲಸ ಖಾಯಂ ಮಾಡುವ ಮಾತು ಕೊಟ್ಟರು. ಇನ್ನು ಮುಂದೆ ಅವರನ್ನು ‘ಸತ್ಯ ಹರಿಶ್ಚಂದ್ರ ಬಳಗ’ ಎಂದು ಕರೆಯಬೇಕೆಂದರು. ಮುಖ್ಯಮಂತ್ರಿಯ ಪಂಕ್ತಿಯಲ್ಲಿ ಸ್ಮಶಾನದವರು ಕೂತದ್ದು ಸಣ್ಣ ಮಾತಲ್ಲ, ಆ ಸುದ್ದಿ ಓದಿ ನನ್ನ ಕಣ್ಣು ತುಂಬಿತು. ಹೆಸರಿನ ಬಗ್ಗೆ ಮಾತ್ರ ಒಂದು ಮಾತು ಹೇಳಬೇಕೆನಿಸುತ್ತದೆ. ಹರಿಶ್ಚಂದ್ರ ಕಾಶಿಯ ಸ್ಮಶಾನದಲ್ಲಿ ಕಾವಲು ನಿಂತದ್ದು ವಿಧಿಯಾಟದಿಂದ, ಕೊನೆಗೆ ಅವನಿಗೆ ರಾಜ್ಯ ಮರಳಿ ಸಿಕ್ಕಿತು. ಅವನಿಗಿಂತ ಮೊದಲು ಅಲ್ಲಿ ಕೋಲು ಹಿಡಿದು ನಿಂತವನು, ಅವನು ಹೋದಮೇಲೆ ನಿಂತವನು ಕತೆಯಲ್ಲಿ ಬರುವುದಿಲ್ಲ. ನಮ್ಮ ಅಣ್ಣ ಅವರ ಕಡೆಯವರು. ಅವರಿಗೆ ಬೇಕಾದದ್ದು ರಾಜನ ಹೆಸರಲ್ಲ. ತಿಂಗಳ ಸಂಬಳದ ಚೀಟಿ, ಇಎಸ್‌ಐ ಕಾರ್ಡು, ಐವರ ಹೆಸರೂ ಇರುವ ಒಂದು ಹಾಜರಿ ಪುಸ್ತಕ.

ಆ ಘೋಷಣೆಗೆ ಒಂದು ವರ್ಷ ಮೊದಲು, 2021ರ ಅಕ್ಟೋಬರ್ 6, ಮಹಾಲಯ ಅಮಾವಾಸ್ಯೆಯ ದಿನ ನಡೆದದ್ದನ್ನು ಬರೆದು ಮುಗಿಸುತ್ತೇನೆ. ಮಾವನಿಗೆ ಎಡೆ ಇಟ್ಟಾದ ಮೇಲೆ ಅತ್ತೆ ಆ ಜಾಗ ನೋಡಬೇಕೆಂದರು. ನಮ್ಮಲ್ಲಿ ಹೆಂಗಸರು ಸ್ಮಶಾನಕ್ಕೆ ಹೋಗುವುದಿಲ್ಲ. ಮನೆಯಲ್ಲಿ ಒಬ್ಬಿಬ್ಬರು ಬೇಡವೆಂದರು. ಅತ್ತೆ ಕೇಳಲಿಲ್ಲ. ದೊಡ್ಡ ಸ್ಟೀಲ್ ಡಬ್ಬಿಯಲ್ಲಿ ಹುಗ್ಗಿ, ವಡೆ, ಅನ್ನ, ಹುಳಿ ತುಂಬಿಕೊಂಡು ಆಟೊ ಹತ್ತಿದರು.

ಅಣ್ಣ ಕುಲುಮೆಯ ಬಾಗಿಲಿಗೆ ಎಣ್ಣೆ ಹಚ್ಚುತ್ತಿದ್ದರು. ಅತ್ತೆಯನ್ನು ಕಂಡು ಎದ್ದು ನಿಂತರು. ಮುಖ ಇಬ್ಬರಿಗೂ ಹೊಸದು, ಧ್ವನಿ ಹಳೆಯದು. “ಅವತ್ತು ಫೋನಲ್ಲಿ ಮಾತಾಡಿದ್ದು ನಾನೇ ಅಮ್ಮ” ಎಂದರು. ಅತ್ತೆ ಕಿಟಕಿಯ ಕಟ್ಟೆಯ ಮೇಲಿನ ತಟ್ಟೆ ನೋಡಿದರು, ಟ್ರಾಲಿಯ ಹಳಿ ನೋಡಿದರು, ಬಚ್ಚಲಿನ ಬಾಗಿಲು ತೆರೆದು ನೋಡಿದರು. ಹುಡುಗನಿಗೆ ಎಷ್ಟು ವಯಸ್ಸು, ಮದುವೆ ಆಗಿದೆಯೇ ಎಂದು ವಿಚಾರಿಸಿದರು. ಡಬ್ಬಿಯನ್ನು ಅಣ್ಣನ ಕೈಗೆ ಕೊಟ್ಟು ಹೊರಟರು.

ಗೇಟಿನವರೆಗೂ ನಾವು ಮಾತಿಲ್ಲದೆ ನಡೆದೆವು. ಗೇಟು ದಾಟುವ ಮೊದಲು ಅತ್ತೆ ನಿಂತರು. ತಿರುಗಿದರು. ಡಬ್ಬಿ ಹಿಡಿದು ಅಲ್ಲೇ ನಿಂತಿದ್ದ ಅಣ್ಣನಿಗೆ ಕೇಳುವಷ್ಟು ಜೋರಾಗಿ ಹೇಳಿದರು:

“ಊಟ ಮಾಡಿ ಡಬ್ಬಿ ತೊಳೆದಿಟ್ಟಿರಪ್ಪ. ನಾಳೆ ಇದೇ ಹೊತ್ತಿಗೆ ಬರ್ತೀವಿ.”